ದಾವಣಗೆರೆಯಿಂದ ಸೈತಾಮಾಕ್ಕೆ, ಅಂಚಿನ ಆಟ ನೋಡಲು

2023ರ ಮಾರ್ಚ್ 22, ಯುಗಾದಿ. ದಾವಣಗೆರೆಯ ಮನೆಗಳಲ್ಲಿ ಬೇವು-ಬೆಲ್ಲ ಹಂಚುವ ದಿನವೇ ಜಪಾನಿನ ಸೈತಾಮಾದಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್ (ಮಂಜುಗಡ್ಡೆಯ ಮೇಲೆ ಬ್ಲೇಡಿನ ಬೂಟು ತೊಟ್ಟು ಜಾರಿ, ಜಿಗಿದು ಸುತ್ತುವ ಆಟ) ಚಾಂಪಿಯನ್‌ಶಿಪ್ ಶುರು. ಹಬ್ಬ ಬಿಟ್ಟು ಎರಡು ದಿನ ಮೊದಲೇ ಹೊರಡಬೇಕಿತ್ತು. ಬೆಂಗಳೂರಿಗೆ ಸುಮಾರು 260 ಕಿ.ಮೀ., ಅಲ್ಲಿಂದ ಟೋಕಿಯೊ ಬಳಿಯ ನರಿತಾಕ್ಕೆ ವಿಮಾನ, ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ. ಟೋಕಿಯೊದ ಉಎನೊದಿಂದ ಸೈತಾಮಾ-ಶಿಂತೋಶಿನ್‌ಗೆ ರೈಲಿನಲ್ಲಿ ಅರ್ಧ ಗಂಟೆ. ನಿಲ್ದಾಣದ ಪಕ್ಕದಲ್ಲೇ ಸ್ಪರ್ಧೆಯ ಕ್ರೀಡಾಂಗಣ, ಸೂಪರ್ ಅರೀನಾ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಸಸ್ಯಾಹಾರಿಗಳಿಗೆ ನೆಮ್ಮದಿ. ಒಳಗೆ ಚಳಿ ಕಾಲಿನಿಂದ ಏರುತ್ತದೆ, ದಪ್ಪ ಕಾಲುಚೀಲ ಮರೆಯಬಾರದು.

ಇದು ಋತುವಿನ ಕೊನೆಯ ದೊಡ್ಡ ಕಣ. ಅಕ್ಟೋಬರ್-ನವೆಂಬರ್‌ನಲ್ಲಿ ಗ್ರ್ಯಾನ್ ಪ್ರಿ ಸರಣಿಯ ಆರು ಸ್ಪರ್ಧೆ, ಡಿಸೆಂಬರಿನಲ್ಲಿ ಅದರ ಫೈನಲ್, ಆಮೇಲೆ ಯುರೋಪಿನವರಿಗೆ ಯುರೋಪಿಯನ್ ಕೂಟ, ಉಳಿದವರಿಗೆ ಫೋರ್ ಕಾಂಟಿನೆಂಟ್ಸ್ ಕೂಟ. ಮಾರ್ಚ್ ಹೊತ್ತಿಗೆ ದೇಹ ಸವೆದಿರುತ್ತದೆ. ಜಪಾನಿನ ಶೋಮಾ ಉನೊ ಅಭ್ಯಾಸದಲ್ಲಿ ಪಾದದ ಗಂಟಿಗೆ ಪೆಟ್ಟು ಮಾಡಿಕೊಂಡೇ ಇಲ್ಲಿ ಚಿನ್ನ ಗೆದ್ದರು.

ಸೀಟು ಆರಿಸುವಾಗ ನಡುಭಾಗಕ್ಕೆ ದುಡ್ಡು ಸುರಿಯುವುದಕ್ಕಿಂತ ಮೂಲೆಯ ಕೆಳಸಾಲು ಲೇಸು. ಲಟ್ಜ್ ಜಿಗಿತ ಸಾಮಾನ್ಯವಾಗಿ ಮೂಲೆಯ ಕಡೆಗೇ ಬರುತ್ತದೆ. ಬ್ಲೇಡಿನ ತಳದ ಉದ್ದಕ್ಕೂ ಸಣ್ಣ ತೋಡು ಇರುವುದರಿಂದ ಒಳಗೊಂದು, ಹೊರಗೊಂದು ಅಂಚು. ಎಡಕ್ಕೆ ತಿರುಗುವವರು ಲಟ್ಜ್‌ಗೆ ಎಡಗಾಲಿನ ಹೊರಅಂಚಿನ ಮೇಲೆ ಉದ್ದಕ್ಕೂ ಹಿಮ್ಮುಖವಾಗಿ ಜಾರಿ ಬಂದು, ಬಲಗಾಲ ಬ್ಲೇಡಿನ ಮುಂದಿನ ಹಲ್ಲನ್ನು ಹಿಮಕ್ಕೆ ನಾಟಿ ಏಳುತ್ತಾರೆ. ಬಂದ ಬಾಗು ಒಂದು ಕಡೆಗೆ, ಸುತ್ತುವುದು ಅದರ ವಿರುದ್ಧ; ಅದಕ್ಕೇ ಕಷ್ಟ. ಕೊನೆ ಕ್ಷಣದಲ್ಲಿ ಪಾದ ಒಳಕ್ಕೆ ವಾಲಿತೋ, ಅದು ಫ್ಲಿಪ್ ಎಂಬ ಬೇರೆ ಜಿಗಿತದ ಅಂಚಾಗುತ್ತದೆ. ಮೂರು ಸುತ್ತಿನ ಲಟ್ಜ್‌ನ ಮೂಲಬೆಲೆ, ಅಂದರೆ ಆ ಜಿಗಿತಕ್ಕೆ ಗೊತ್ತುಮಾಡಿದ ಅಂಕ, 5.90, ಅಂಚು ತಪ್ಪೆಂದು ತೀರ್ಮಾನವಾದರೆ 4.72. ಟಿವಿಯಲ್ಲಿ ಈ ವಾಲುವಿಕೆ ಕಣ್ಣಿಗೆ ಬೀಳುವುದೇ ಅಪರೂಪ. ಮೂಲೆಯಲ್ಲಿ ಕೂತವರಿಗೆ ಪಾದದ ಗಂಟು ಮಡಿಯುವುದು ನೇರವಾಗಿ ಕಾಣುತ್ತದೆ.

ಆಕ್ಸೆಲ್ ಒಂದೇ ಮುಮ್ಮುಖವಾಗಿ ಏಳುವ ಜಿಗಿತ, ಹಾಗಾಗಿ ಅರ್ಧ ಸುತ್ತು ಹೆಚ್ಚು. ಅಮೆರಿಕದ ಇಲ್ಯಾ ಮಾಲಿನಿನ್ ಫ್ರೀ ಸ್ಕೇಟ್ ಎಂಬ ಎರಡನೆಯ, ಉದ್ದನೆಯ ಪ್ರದರ್ಶನದಲ್ಲಿ ನಾಲ್ಕೂವರೆ ಸುತ್ತು ಹಾಕಿ ನಿಂತರು, ಮೂಲಬೆಲೆ 12.50. ಆದರೂ ಕಂಚು. ಒಂದು ಜಿಗಿತ ಎಷ್ಟೇ ದೊಡ್ಡದಾದರೂ ಇಡೀ ನಾಲ್ಕು ನಿಮಿಷವನ್ನು ಹೊರಲಾರದು. ಈ ಲೆಕ್ಕಾಚಾರ ನ್ಯಾಯವಾದದ್ದೇ. ಎರಡನೆಯವರಾದ ಚಾ ಜುನ್-ಹ್ವಾನ್ ವಿಶ್ವಕೂಟದಲ್ಲಿ ಪದಕ ಗೆದ್ದ ಮೊದಲ ಕೊರಿಯಾ ಪುರುಷ. ಹೆಂಗಸರಲ್ಲಿ ಜಪಾನಿನ ಕಾವೊರಿ ಸಕಾಮೊತೊಗೆ ಚಿನ್ನ ಬಂದರೂ ಫ್ರೀನಲ್ಲಿ ಅವರ ಒಂದು ಫ್ಲಿಪ್ ಗಾಳಿಯಲ್ಲೇ ಬಿಚ್ಚಿಕೊಂಡಿತು: ಮೂರು ಸುತ್ತಿನ 5.30ರ ಜಿಗಿತ ಒಂದೇ ಸುತ್ತಾಗಿ 0.50ಕ್ಕೆ ಇಳಿಯಿತು. ಬಿದ್ದರೆ ಒಂದು ಅಂಕ ಕಡಿತವಾದರೂ ಪೂರ್ತಿ ಸುತ್ತಿದ್ದರ ಮೂಲಬೆಲೆ ಉಳಿಯುತ್ತದೆ. ಹೆದರಿ ಕೈ ಬೇಗ ಬಿಚ್ಚಿದರೆ ಅದೂ ಇಲ್ಲ.

ಗುಂಪು ಗುಂಪಿಗೂ ಆರು ನಿಮಿಷದ ವಾರ್ಮ್-ಅಪ್. ಆಗ ಕಾಫಿಗೆ ಏಳಬಾರದು. ಆರು ಜನ ಒಟ್ಟಿಗೆ ಹಿಮದ ಮೇಲೆ, ಬ್ಲೇಡ್ ಕೊರೆಯುವ ಕರ್ರ್ ಸದ್ದು ಹತ್ತಿರದಿಂದ ಕೇಳುತ್ತದೆ. ಒಳ್ಳೆಯ ಅಂಚಿನದು ಉದ್ದನೆಯ ಸದ್ದು, ಕೆರೆದ ಹಾಗಿರುವುದಿಲ್ಲ. ವಿರಾಮದಲ್ಲಿ ಕೆಲಸದವರು ಬಕೆಟ್ ಹಿಡಿದು ಬಂದು, ಹಲ್ಲು ನಾಟಿದ ಗುಂಡಿಗಳಿಗೆ ಹಸಿ ಹಿಮಪುಡಿ ಒತ್ತಿ ತುಂಬುತ್ತಾರೆ. ಎಲ್ಲಕ್ಕಿಂತ ಹೆಚ್ಚು ಗುಂಡಿ ಆ ಮೂಲೆಯಲ್ಲೇ.