ಎರೆಹೊಲದವರ ಲೆಕ್ಕ, ಶಿರಸಿಯ ಅಂಗಳದಲ್ಲಿ

ಹುಬ್ಬಳ್ಳಿಯಿಂದ ತಡಸ, ಮುಂಡಗೋಡದ ಮೇಲೆ ಶಿರಸಿಗೆ ಬರುವ ದಾರಿ ನನಗೆ ಬಹಳ ಇಷ್ಟ. ಗೋವಿನಜೋಳ, ಹತ್ತಿಯ ಹೊಲಗಳು ಸರಿದು, ಮಳಗಿ ದಾಟುತ್ತಲೇ ಕಾಡು ದಟ್ಟವಾಗಿ, ಅಡಿಕೆ ತೋಟಗಳು ಕಾಣಿಸಿಕೊಳ್ಳುತ್ತವೆ. ಮಳಗಿಯ ಧರ್ಮಾ ಜಲಾಶಯದ ನೀರು ಹಾನಗಲ್ ತಾಲ್ಲೂಕಿನ ಹೊಲಗಳಿಗೆ ಹೋಗುತ್ತದೆ. ಅದನ್ನು ನೋಡಲು ನಿಂತಿದ್ದಕ್ಕೆ ಬಾಡಿಗೆ ಕಾರಿನವನು ಕಾಯುವ ಹಣವೆಂದು ಬೇರೆ ಕೇಳಿ ತಕರಾರು ಮಾಡಿದ. ಹೋಗುವವರು ಅದನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಸಹಸ್ರಲಿಂಗ, ಬನವಾಸಿಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಪರಿಚಿತರ ಮನೆಯ ಅಂಗಳದಲ್ಲಿ ಕಳೆದ ಸಂಜೆ. ಅಡಿಕೆಯ ಕೊನೆ ಕೊಯ್ಯುವ ಕಾಲ. ಹಸಿ ಅಡಿಕೆಯ ರಾಶಿಯ ಸುತ್ತ, ಅದನ್ನು ಸುಲಿಯುವ ಮೆಟ್ಟುಗತ್ತಿ ಹಿಡಿದು ಕುಳಿತವರಲ್ಲಿ ಹಲವರು ಬಯಲುಸೀಮೆಯವರು. ಶಿರಹಟ್ಟಿ ಕಡೆಯ ಒಬ್ಬ ಹೆಂಗಸು, ಅಡಿಕೆಯ ಚೊಗರಿಗೆ ಬೆರಳ ತುದಿಗಳೆಲ್ಲ ಕಪ್ಪಾಗಿದ್ದರೂ ಕೈ ನಿಲ್ಲಿಸದೆ ಮಾತಾಡುತ್ತಿದ್ದರು.

“ನಿಮಗೂ ಹೊಲ ಇದೆಯಲ್ಲ ಅಕ್ಕಾ?” ಎಂದು ಕೇಳಿದೆ.

“ಐತ್ರೀ ಅಕ್ಕಾರ, ನಾಕ್ ಎಕರೆ ಎರಿಹೊಲ. ಹೆಸರಕಾಯಿ ಬಿಡಿಸೂ ಹೊತ್ತಿಗೇ ಮಳಿ ಹತ್ತಿತು. ಕಾಯಿ ಗಿಡದಾಗ ಮೊಳಕಿ ಒಡದ್ವು.”

ಬೀಜ, ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಮುಂಗಡ ಪಡೆದಿದ್ದರಿಂದ ಉಳಿದ ಹೆಸರುಕಾಳನ್ನು ಅಲ್ಲಿಗೇ ಹಾಕಬೇಕಾಯಿತು. ಎಲ್ಲರ ಫಸಲೂ ಒಮ್ಮೆಗೇ ಪೇಟೆಗೆ ಬಂದಾಗ ದರ ಇಳಿದಿರುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವವರೆಗೆ ಕಾಯೋಣವೆಂದರೆ ಅಷ್ಟು ದಿನ ಮನೆ ನಡೆಸಲು ಕೈಯಲ್ಲಿ ದುಡ್ಡಿರಬೇಕು. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಊಟಕ್ಕೆ, ಅದರ ಕಣಿಕೆ ಎತ್ತುಗಳಿಗೆ. ಕಡಲೆ ಬಂದರೆ ಬಂತು. ಹೀಗಾಗಿ ವರ್ಷದಲ್ಲಿ ಕೈಗೆ ನಿಜವಾಗಿ ಉಳಿಯುವ ನಗದೆಂದರೆ ಶಿರಸಿಯ ಈ ಸುಲಿಗೂಲಿಯೇ.

ಅದೇ ಅಂಗಳದ ಯಜಮಾನರು ಅಡಿಕೆಯನ್ನು ಒಣಗಿಸಿ, ದರ ನೋಡಿಕೊಂಡು ಮಾರಬಲ್ಲರು. ಅವರ ಬೆನ್ನಿಗೆ ನಂಬಿಕೆಯ ಮಳೆಯಿದೆ, ಕೆಡದೆ ಉಳಿಯುವ ಬೆಳೆಯಿದೆ, 1923ರಲ್ಲೇ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘವಿದೆ. ದುಡಿಮೆಯಲ್ಲಿ ಆ ಹೆಂಗಸು ಯಾರಿಗೂ ಕಡಿಮೆಯಿಲ್ಲ. ಅವರಿಗೆ ಇಲ್ಲದ್ದು ಕಾಯುವ ಶಕ್ತಿ.

2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಇದನ್ನೇ ಹೇಳಿತ್ತು: ದೇಶದ ಕೃಷಿ ಕುಟುಂಬವೊಂದರ ತಿಂಗಳ ಸರಾಸರಿ ಆದಾಯ 10,218 ರೂಪಾಯಿ, ಅದರಲ್ಲಿ ಕೂಲಿ, ಸಂಬಳದಿಂದ ಬಂದದ್ದು 4,063, ಬೆಳೆಯಿಂದ ಬಂದದ್ದು 3,798. ಒಣಬೇಸಾಯದ ಮನೆಗಳ ಸ್ಥಿತಿಯನ್ನು ಎಕರೆಗೆ ಎಷ್ಟು ಕ್ವಿಂಟಲ್ ಎಂಬುದರಿಂದ ಮಾತ್ರ ಅಳೆಯುವ ನಮ್ಮ ರೂಢಿ ತಪ್ಪೆಂದು ನನಗೆ ಅಲ್ಲಿ ಬಲವಾಗಿ ಅನ್ನಿಸಿತು.

ಪಿಎಂ-ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯಾದರೂ ಬರುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಮಾವ ತೀರಿಕೊಂಡು ವರ್ಷಗಳಾದರೂ ಹೊಲದ ಖಾತೆ ಅವರ ಹೆಸರಿನಲ್ಲೇ ಇದೆ; ಬ್ಯಾಂಕಿನ ಬೆಳೆಸಾಲ ಸಿಗದೆ ದಲಾಲಿ ಅಂಗಡಿಗೆ ಹೋಗಬೇಕಾದದ್ದೂ ಅದರಿಂದಲೇ. ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಹೆಸರಿಗೆ ಬರುತ್ತದೆ, ಅದು ಅವರ ಔಷಧಕ್ಕೆ ಸರಿಹೋಗುತ್ತದೆ. ಈ ಸಲದ ಕೂಲಿಯಲ್ಲಿ ಮಗಳ ಕಾಲೇಜಿನ ಫೀಸು ಕಳೆದು ಉಳಿದದ್ದನ್ನು ವಾಟ್ನಿ, ಅಂದರೆ ಹೊಲದ ಪಾಲು ಮಾಡಿಸುವ ಖರ್ಚಿಗೆಂದು ತೆಗೆದಿಟ್ಟಿದ್ದಾರೆ. ಯುಗಾದಿಯ ಹೊತ್ತಿಗೆ ಸಹಿ ಹಾಕಲು ಮೈದುನರಿಬ್ಬರೂ ಒಪ್ಪಿದ್ದಾರಂತೆ.