ದಪ್ಪ ಕಾಗದದ ಮಡಿಕೆ ಬಿರಿಯದಂತೆ ಮಾಡುವುದು ಹೇಗೆ?

ಮದುವೆಗೆ ಒಯ್ಯುವ ಮುಯ್ಯಿ ಕವರು, ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ, ಮೇಜಿನ ಮೇಲಿಡುವ ಪೆನ್ ಸ್ಟ್ಯಾಂಡು ಹೀಗೆ ನಾನು ಬಣ್ಣದ ಕಾರ್ಡ್‌ಶೀಟಿನಲ್ಲಿ ಮಡಚಿದ ವಸ್ತುಗಳನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ನಾವು ಮಡಚಿದರೆ ಅಂಚಿನುದ್ದಕ್ಕೂ ಬಣ್ಣ ಒಡೆದು ಒಳಗಿನ ಬಿಳಿ ಕಾಣುತ್ತದೆ, ನಿಮ್ಮದು ಹೇಗೆ ಇಷ್ಟು ನೀಟಾಗಿ ಬರುತ್ತದೆ?" ಬೆರಳಿನ ಚಳಕವೆಂದೋ, ಯಾವುದೋ ದುಬಾರಿ ಕಾಗದವೆಂದೋ ಅವರು ಉತ್ತರವನ್ನು ಮೊದಲೇ ಊಹಿಸಿಕೊಂಡಿರುತ್ತಾರೆ. ಎರಡೂ ಅಲ್ಲ. ಕಾಗದದ ನಾರು ಯಾವ ಕಡೆಗೆ ಮಲಗಿದೆ ಎಂಬುದನ್ನು ನೋಡಿಕೊಂಡು, ಮಡಚುವ ಮೊದಲು ಸರಿಯಾದ ಮೈಮೇಲೆ ಗೀರು ಎಳೆದರೆ ಕೆಲಸದ ಮುಕ್ಕಾಲು ಭಾಗ ಮುಗಿದಂತೆ.

ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರಿನ ತಿಳಿ ಚಲಿಸುವ ಜಾಲರಿಯ ಮೇಲೆ ಹರಿಯುತ್ತದೆ. ಆ ಓಟದ ದಿಕ್ಕಿಗೇ ಹೆಚ್ಚಿನ ನಾರುಗಳು ತಿರುಗಿ ಮಲಗುತ್ತವೆ. ಆದ್ದರಿಂದ ಪ್ರತಿಯೊಂದು ಹಾಳೆಗೂ ಒಂದು ಉದ್ದ, ಒಂದು ಅಡ್ಡ ಎಂಬುದು ಇದ್ದೇ ಇರುತ್ತದೆ. ಬಿದಿರನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿದರೆ ಸಿಬಿರೇಳುತ್ತದೆ. ಕಾಗದದ ಸ್ವಭಾವವೂ ಅದೇ. ನಾರಿನ ಉದ್ದಕ್ಕೆ ಹಾಕಿದ ಮಡಿಕೆ ನಾರುಗಳ ನಡುವೆ ಕೂರುತ್ತದೆ, ಅಡ್ಡಕ್ಕೆ ಹಾಕಿದ ಮಡಿಕೆ ಒಂದೊಂದು ನಾರನ್ನೂ ಬಗ್ಗಿಸಿ ಮುರಿಯುತ್ತದೆ. ನುಣುಪಾದ ಮುದ್ರಿತ ಕಾರ್ಡುಗಳ ಮೇಲ್ಮೈಗೆ ಸಾಮಾನ್ಯವಾಗಿ ಬಿಳಿ ಜೇಡಿಯನ್ನೋ ಕ್ಯಾಲ್ಸಿಯಂ ಕಾರ್ಬೊನೇಟನ್ನೋ ಬಳಿದಿರುತ್ತಾರೆ. ಆ ಲೇಪಕ್ಕೆ ಹಿಗ್ಗುವ ಗುಣ ಕಡಿಮೆಯಾದ್ದರಿಂದ ಕೆಳಗಿನ ನಾರು ಮುರಿದ ಕಡೆಯಲ್ಲೆಲ್ಲ ಅದೂ ಒಡೆದು ಉದುರುತ್ತದೆ. ಮಡಿಕೆಯ ಮೇಲೆ ಕಾಣುವ ಬಿಳಿ ಗೆರೆ ಎಂದರೆ ಇದೇ. ಒಳಗಿನವರೆಗೂ ಬಣ್ಣ ಇಳಿದಿರುವ ಹಾಳೆಯನ್ನು ಆರಿಸಿದರೆ ಬಿರುಕು ಕಣ್ಣಿಗೆ ಕಾಣದೆ ಹೋಗಬಹುದು, ಆದರೆ ಮಡಿಕೆಯ ಬಲ ಕುಗ್ಗಿರುವುದಂತೂ ನಿಜ.

ದಿಕ್ಕನ್ನು ಕಂಡುಹಿಡಿಯಲು ಯಾವ ಸಲಕರಣೆಯೂ ಬೇಡ. ಹಾಳೆಯನ್ನು ಮಡಚದೆ, ಎರಡು ಎದುರು ಅಂಚುಗಳನ್ನು ಹತ್ತಿರ ತಂದು ಅಂಗೈಯಿಂದ ಮೆಲ್ಲನೆ ಒತ್ತಿ ನೋಡಬೇಕು. ಬಳಿಕ ಉಳಿದೆರಡು ಅಂಚುಗಳನ್ನು ಹಾಗೆಯೇ ಒತ್ತಬೇಕು. ಯಾವ ಸಲ ಹಾಳೆ ಹೆಚ್ಚು ತಕರಾರಿಲ್ಲದೆ ಬಾಗುತ್ತದೆಯೋ ಆಗ ಮೂಡುವ ಬಾಗಿನ ಗೆರೆಗೆ ನಾರು ಸಮಾನಾಂತರವಾಗಿರುತ್ತದೆ. ಅನುಮಾನ ಉಳಿದರೆ ಮೂಲೆಯ ಚೂರೊಂದನ್ನು ಹರಿಯಬಹುದು: ನಾರಿನ ಉದ್ದಕ್ಕೆ ಹರಿದದ್ದು ನೇರವಾಗಿ ಹೋಗುತ್ತದೆ, ಅಡ್ಡಕ್ಕೆ ಹರಿದದ್ದು ದಾರಿ ತಪ್ಪುತ್ತದೆ. ಎ4 ಹಾಳೆಗಳಲ್ಲಿ ನಾರು ಹೆಚ್ಚಾಗಿ 297 ಮಿಲಿಮೀಟರಿನ ಉದ್ದ ಬದಿಗೆ ಸಮವಾಗಿರುತ್ತದೆ. ಆದರೆ ನಮ್ಮ ಚಿಕ್ಕಮಗಳೂರಿನ ಅಂಗಡಿಗಳಲ್ಲಿ ದೊಡ್ಡ ಹಾಳೆಯನ್ನು ಅಲ್ಲೇ ಕತ್ತರಿಸಿ ಕೊಡುವುದೂ ಉಂಟು. ಕತ್ತರಿಸುವವರು ಹಾಳೆ ಪೋಲಾಗದಂತೆ ನೋಡುತ್ತಾರೆಯೇ ಹೊರತು ನಾರನ್ನು ನೋಡುವುದಿಲ್ಲ. ಹಾಗಾಗಿ ಪ್ರತಿ ಕಟ್ಟಿನಿಂದಲೂ ಒಂದು ಹಾಳೆಯನ್ನು ಬಾಗಿಸಿ ನೋಡುವುದು ಒಳ್ಳೆಯದು. ಕೈಯಿಂದ ಜಾಲರಿಯಲ್ಲಿ ಎತ್ತಿ ಮಾಡಿದ ಕಾಗದಕ್ಕೆ ಮಾತ್ರ ಈ ಚಿಂತೆ ಇಲ್ಲವೆಂದೇ ಹೇಳಬಹುದು, ಅಲ್ಲಿ ನಾರು ಎತ್ತಂದರತ್ತ ಹರಡಿರುತ್ತದೆ.

ಇನ್ನು ದಪ್ಪದ ಮಾತು. ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ. ಉಡುಗೊರೆಯ ಡಬ್ಬಿಗಳಿಗೆ ನನಗೆ ಒಪ್ಪುವುದು 220ರಿಂದ 250. ಮುನ್ನೂರು ದಾಟಿದ್ದು ಕೈಗೆ ಗಟ್ಟಿಯಾಗಿ ಸಿಕ್ಕಿ ಕೊಳ್ಳುವವರನ್ನು ಮರುಳು ಮಾಡುತ್ತದಾದರೂ ಸಣ್ಣ ಡಬ್ಬಿಯಲ್ಲಿ ಅದು ಮಡಿಕೆಯನ್ನು ಒಪ್ಪದೆ ಸದಾ ಬಿಚ್ಚಿಕೊಳ್ಳಲು ನೋಡುತ್ತದೆ. ಕಟ್ಟಿನ ಮೇಲೆ ಅಂಕಿ ಬರೆದಿರದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ತಿಳಿದುಕೊಳ್ಳಬಹುದು: ಎ4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದ್ದರಿಂದ 250 ಜಿಎಸ್‌ಎಂನ ಹತ್ತು ಹಾಳೆಗಳು ಸುಮಾರು 156 ಗ್ರಾಂ ತೂಗಬೇಕು.

ಗೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬ್ಲೇಡಿನಿಂದ ಅರ್ಧ ಕೊಯ್ದು ಮಡಚುವ ರೂಢಿಯನ್ನು ಎಷ್ಟೋ ಕಡೆ ಕಲಿಸುತ್ತಾರೆ. ಅದು ಮಡಿಕೆಯಲ್ಲ, ಮುಂದೆ ಹರಿಯಲಿರುವ ಜಾಗ. ಬೇಕಾದದ್ದು ಕೊಯ್ಯುವುದಲ್ಲ, ಒತ್ತುವುದು. ಸ್ಟೀಲ್ ಸ್ಕೇಲು ಮತ್ತು ಶಾಯಿ ಪೂರ್ತಿ ಮುಗಿದ ಬಾಲ್ ಪೆನ್ನು ಸಾಕು, ಮೊನೆ ಮೊಂಡಾದ ಕ್ರೋಶೆ ಕಡ್ಡಿಯೂ ಆಗುತ್ತದೆ. ಹಾಳೆಯ ಕೆಳಗೆ ಗಟ್ಟಿ ಮೇಜು ಇರುವ ಬದಲು ನಾಲ್ಕಾರು ಮಡಿಕೆ ದಿನಪತ್ರಿಕೆ ಇದ್ದರೆ ಗೀರು ಆಳಕ್ಕೆ ಇಳಿಯುತ್ತದೆ. ಆಮೇಲೆ ಬಹಳ ಜನ ಉಲ್ಟಾ ಮಾಡುವ ಹೆಜ್ಜೆ ಬರುತ್ತದೆ. ಗೀರಿದ ತಗ್ಗಿನೊಳಕ್ಕೇ ಕಾಗದವನ್ನು ಮಡಚುವುದು ಸಹಜವೆನ್ನಿಸುತ್ತದೆ, ಆದರೆ ಆಗಬೇಕಾದದ್ದು ಅದಕ್ಕೆ ವಿರುದ್ಧ: ತಗ್ಗು ಹೊರಮೈಯಲ್ಲಿ ಉಳಿದು, ಹಿಂಬದಿಯಲ್ಲಿ ಎದ್ದ ಉಬ್ಬು ಮಡಿಕೆಯ ಒಳಗೆ ಸೇರಬೇಕು. ಒತ್ತಡದಿಂದ ಕಾಗದದ ಒಳಪದರಗಳು ಒಂದಕ್ಕೊಂದು ಬಿಟ್ಟುಕೊಂಡಿರುವುದರಿಂದ ಮಡಚಿದಾಗ ಅವು ಒಳಮುಖವಾಗಿ ಉಬ್ಬಲು ಜಾಗ ಸಿಗುತ್ತದೆ, ಹೊರಮೈಯ ಮೇಲೆ ಎಳೆತ ಕಡಿಮೆಯಾಗುತ್ತದೆ. ಮುದ್ರಿತ ಚೆಂದದ ಮೈ ಹೊರಗಿರುವುದರಿಂದ ಗೀರನ್ನು ಅದೇ ಮೈಮೇಲೆ ಎಳೆಯಬೇಕಾಗುತ್ತದೆ. ಶಾಯಿ ಪೂರ್ತಿ ಮುಗಿದಿರಬೇಕೆಂದು ಹೇಳಿದ್ದು ಇದಕ್ಕೇ. ಬೇಲೂರಿನ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ, ನಕ್ಷತ್ರಾಕಾರದಲ್ಲಿ ಡಬ್ಬಿ ಮಾಡಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಅದರ ಮೂಲೆಗಳು ಒಂದು ಹೊರಕ್ಕೆ ಮತ್ತೊಂದು ಒಳಕ್ಕೆ ತಿರುಗುವುದರಿಂದ ಗೀರನ್ನೂ ಒಂದು ಸಲ ಮುಂಬದಿಗೆ, ಮತ್ತೊಂದು ಸಲ ಹಿಂಬದಿಗೆ ಬದಲಿಸುತ್ತ ಹೋಗುವ ತಾಳ್ಮೆ ಬೇಕು.

ಇವೆಲ್ಲ ಒಂದು ಮುಯ್ಯಿ ಕವರಿನಲ್ಲಿ ಹೇಗೆ ಸೇರುತ್ತವೆ ಎಂಬುದನ್ನು ಹೇಳುತ್ತೇನೆ. ಈಗಿನ ಐನೂರರ ನೋಟಿನ ಅಳತೆ 66 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ. ಎ4 ಹಾಳೆಯ ಉದ್ದದಿಂದ 16 ಸೆಂಟಿಮೀಟರ್ ಕತ್ತರಿಸಿಕೊಂಡರೆ 16ಕ್ಕೆ 21ರ ತುಂಡು ಸಿಗುತ್ತದೆ. ಆ 21ನ್ನು ಕೆಳಗಿನಿಂದ 6, ನಡುವೆ 7.5, ಮೇಲೆ 7.5 ಎಂದು ಹಂಚಿ ಎರಡು ಗೀರು ಎಳೆದರೆ ಜೇಬು, ಬೆನ್ನು, ಮುಚ್ಚಳ ಮೂರೂ ಆದವು. ಎರಡು ಮಡಿಕೆಗಳೂ ಹಾಳೆಯ ಉದ್ದ ಬದಿಗೆ, ಅಂದರೆ ನಾರಿಗೆ, ಸಮಾನಾಂತರವಾಗಿಯೇ ಬರುತ್ತವೆ. ಜೇಬಿನ ಎರಡು ಪಕ್ಕಗಳಿಗೂ 3 ಮಿಲಿಮೀಟರಿನ ಡಬಲ್ ಸೈಡ್ ಟೇಪು ಹಚ್ಚಿದ ಮೇಲೂ ಒಳಗೆ 154 ಮಿಲಿಮೀಟರ್ ಉಳಿಯುವುದರಿಂದ ನೋಟನ್ನು ಮಡಚದೆ ಇಡಬಹುದು. ಮುಚ್ಚಳ ಸಲೀಸಾಗಿ ಕೂರಲು ಅದರ ತುದಿಯಿಂದ ಒಂದು ಮಿಲಿಮೀಟರ್ ಕತ್ತರಿಸಿ ತೆಗೆಯುವುದು ವಾಸಿ. ದಪ್ಪ ಕಾಗದ ಮಡಿಕೆಯಲ್ಲೇ ಸ್ವಲ್ಪ ಅಳತೆ ತಿನ್ನುತ್ತದೆ. ಮೇಲಿನ ಒಂದು ರೂಪಾಯಿಯ ನಾಣ್ಯಕ್ಕೆ ಉಳಿದ ತುಂಡಿನಲ್ಲಿ ಪುಟ್ಟ ಜೇಬು ಮಾಡಿ ಮುಚ್ಚಳದ ಒಳಗೆ ಅಂಟಿಸಬಹುದು. ನೋಟನ್ನೇ ಹೂವಾಗಿ ಮಡಚಿ, ಪಿನ್ನು ಹೊಡೆದು ಅಂಟಿಸುವ ಅಲಂಕಾರ ಈಚೆಗೆ ಹೆಚ್ಚಾಗಿದೆ, ನನಗೆ ಅದು ಸೇರುವುದಿಲ್ಲ. ನೋಟುಗಳನ್ನು ಹಾರಕ್ಕಾಗಲಿ ಮಂಟಪದ ಅಲಂಕಾರಕ್ಕಾಗಲಿ ಬಳಸಬೇಡಿ ಎಂದು ರಿಸರ್ವ್ ಬ್ಯಾಂಕೇ ಸಾರ್ವಜನಿಕರನ್ನು ಕೇಳಿಕೊಂಡಿದೆ.

ಪೆನ್ ಸ್ಟ್ಯಾಂಡಿನಂತೆ ನಿಲ್ಲಬೇಕಾದ ವಸ್ತುವಿನಲ್ಲಿ ನಾರು ನೆಟ್ಟಗೆ ಮೇಲ್ಮುಖವಾಗಿರಬೇಕು. ಕಾಗದ ಗಟ್ಟಿಯಾಗಿ ನಿಲ್ಲುವುದು ಆ ದಿಕ್ಕಿನಲ್ಲಿ, ಮೂಲೆಯ ಮಡಿಕೆಗಳೂ ಆಗ ನಾರಿನ ಉದ್ದಕ್ಕೇ ಬೀಳುತ್ತವೆ. ಆರು ಮುಖದ ಸ್ಟ್ಯಾಂಡಿಗೆ ಮುಖವೊಂದಕ್ಕೆ 3.5 ಸೆಂಟಿಮೀಟರ್ ಇಟ್ಟು ಅಂಟಿನ ಪಟ್ಟಿಗೆ 1.5 ಸೇರಿಸಿದರೆ 22.5 ಆಗಿ, ಹಾಳೆಯ 21ರ ಅಗಲದಲ್ಲಿ ಹಿಡಿಸುವುದಿಲ್ಲ. ಆಗ ಹಾಳೆಯನ್ನು ಅಡ್ಡ ತಿರುಗಿಸಿ ಬಿಡುವ ಆಸೆ ಬರುತ್ತದೆ. ಮುಖವನ್ನು 3.2ಕ್ಕೆ ಇಳಿಸಿದರೆ ಒಟ್ಟು 20.7ರಲ್ಲಿ ಮುಗಿಯುತ್ತದೆ, ತಿರುಗಿಸುವ ಪ್ರಮೇಯವೇ ಬರುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಆಗುತ್ತದೆಯೇ ಎಂದು ಕೊಪ್ಪ, ಶೃಂಗೇರಿ ಕಡೆಯವರು ವಿಶೇಷವಾಗಿ ಕೇಳುತ್ತಾರೆ. ಮಡಿಕೆಗೆ ತೇವದ ಹವೆ ಒಳ್ಳೆಯದೇ. ತೇವ ಹೀರಿದ ನಾರು ಮೆತ್ತಗಾಗಿ, ಮಾರ್ಚಿ ತಿಂಗಳ ಒಣಹವೆಗಿಂತ ಕಡಿಮೆ ಒಡೆಯುತ್ತದೆ. ಜಪಾನಿನ ಒರಿಗಾಮಿ (ಕಾಗದ ಮಡಚುವ ಕಲೆ) ಕಲಾವಿದ ಅಕಿರಾ ಯೋಶಿಜಾವಾ ದಪ್ಪ ಕಾಗದವನ್ನು ಬೇಕೆಂದೇ ತೇವ ಮಾಡಿ ಮಡಚುವ ವಿಧಾನವನ್ನು ರೂಢಿಗೆ ತಂದದ್ದು ಈ ಗುಣವನ್ನು ನೆಚ್ಚಿಕೊಂಡೇ, ಆದರೆ ಲೇಪವಿರುವ ಮುದ್ರಿತ ಕಾರ್ಡಿಗೆ ಅದನ್ನು ಪ್ರಯೋಗಿಸಬಾರದು. ತೊಂದರೆ ಬರುವುದು ಹಾಳೆ ಸಪಾಟಾಗಿ ನಿಲ್ಲುವುದರಲ್ಲಿ. ತೇವ ಕುಡಿದ ನಾರು ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ದಪ್ಪಕ್ಕೆ ಊದುವುದೇ ಹೆಚ್ಚು. ಆದ್ದರಿಂದ ಹಾಳೆ ಒಂದೇ ದಿಕ್ಕಿಗೆ ಹಿಗ್ಗಿ ಸುರುಳಿಯಾಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಮೇಲೆ ಭಾರವಿಟ್ಟು ಇಡಬೇಕು. ಫೆವಿಕಾಲಿನಲ್ಲಿಯೂ ನೀರಿರುವುದರಿಂದ ಅಗಲವಾಗಿ ಬಳಿದರೆ ಅದೇ ಉಪದ್ರವ, ತೆಳುವಾಗಿ ಅಂಚಿಗಷ್ಟೇ ಹಚ್ಚಬೇಕು. ಬಣ್ಣದ ತೆಳು ಹಾಳೆಯನ್ನು ಕಾರ್ಡಿನ ಮೇಲೆ ಅಂಟಿಸುವವರು ಎರಡರ ನಾರೂ ಒಂದೇ ದಿಕ್ಕಿಗಿರುವಂತೆ ನೋಡಿಕೊಳ್ಳಬೇಕು. ಮಿನುಗುಪುಡಿ ಮೆತ್ತಿದ ಹಾಳೆಯನ್ನಂತೂ ನಾನು ಮಡಚುವುದೇ ಇಲ್ಲ. ಅಂಟು ಹಿಡಿಯುವುದು ಮೇಲಿನ ಪುಡಿಯನ್ನು ಮಾತ್ರ, ಪುಡಿ ಉದುರಿದರೆ ಅಂಟೂ ಹೋಯಿತು.

ಹಳೆಯ ಲಗ್ನಪತ್ರಿಕೆಗಳನ್ನು ಬಳಸಬಹುದೇ ಎಂದೂ ಕೇಳುತ್ತಾರೆ. ಧಾರಾಳವಾಗಿ ಬಳಸಬಹುದು, ಮೊದಲೇ ಇರುವ ಮಡಿಕೆಯನ್ನು ಹೊಸ ಡಬ್ಬಿಯ ಒಂದು ಅಂಚಾಗಿ ಲೆಕ್ಕ ಹಾಕಿಕೊಂಡರಾಯಿತು. ಎಳ್ಳು, ಕೊಬ್ಬರಿ, ಕಡಲೆಬೀಜಗಳ ಜಿಡ್ಡು ಒಂದೇ ದಿನದಲ್ಲಿ ಕಾಗದಕ್ಕೆ ಇಳಿದು ಕಲೆಯಾಗುವುದರಿಂದ ಒಳಗೊಂದು ಬಟರ್ ಪೇಪರಿನ ಪೊಟ್ಟಣ ಇರಲೇಬೇಕು. ಹಬ್ಬಕ್ಕೆ ಹೆಚ್ಚು ಡಬ್ಬಿ ಬೇಕಾದವರು ಮೊದಲೇ ಕತ್ತರಿಸಿ ಗೀರು ಎಳೆದು, ಮಡಚದೆ ಸಪಾಟಾಗಿ ಜೋಡಿಸಿಟ್ಟುಕೊಂಡು, ಹಿಂದಿನ ಸಂಜೆ ಮಡಚಿ ಅಂಟಿಸಿಕೊಳ್ಳಬಹುದು.