ನಮಗೆ ಏಳು ಸಾಕಾಗಿರುವಾಗ ಅವರಿಗೆ ಹದಿನೈದೇಕೆ?

ಹೌದು, ಫಿನ್ನಿಶ್ ಭಾಷೆಯಲ್ಲಿ 15 ವಿಭಕ್ತಿಗಳಿವೆ. ಹೌದು, ನನಗೆ ಆ ಭಾಷೆ ಬರುತ್ತದೆ. ಇಲ್ಲ, ಅದರಿಂದ ತಲೆ ಕೆಟ್ಟಿಲ್ಲ. ಫಿನ್ಲೆಂಡಿನ ತಾಂಪೆರೆ ನಗರದಿಂದ ಊರಿಗೆ ಬಂದಾಗಲೆಲ್ಲ "ನಮಗೆ ಏಳು ಸಾಕಾಗಿರುವಾಗ ಅವರಿಗೆ ಹದಿನೈದೇಕೆ?" ಎಂದು ಕೇಳುವವರಿಗೆ ಇನ್ನು ಮುಂದೆ ಬಾಯಿಂದ ಉತ್ತರ ಸಿಗುವುದಿಲ್ಲ, ಈ ಬರಹವೇ ಸಿಗುತ್ತದೆ.

ನನ್ನನ್ನು ಕೆರಳಿಸುವುದು ಹದಿನೈದಲ್ಲ, ಏಳು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದ ಪಟ್ಟಿ ಸಂಸ್ಕೃತ ವ್ಯಾಕರಣದ ಅಚ್ಚಿನಲ್ಲಿ ತೆಗೆದದ್ದು. 'ಊರ ದೆಸೆಯಿಂದ ಬಂದೆ' ಎಂದು ಯಾರ ಮನೆಯಲ್ಲೂ ಹೇಳುವುದಿಲ್ಲ. ಊರಿನಿಂದ ಬರುವುದಕ್ಕೂ ಕತ್ತಿಯಿಂದ ಕೊಯ್ಯುವುದಕ್ಕೂ ಒಂದೇ 'ಇಂದ' ಸಾಕು. ಅದೇ ವೇಳೆಗೆ ನಾವು ದಿನವಿಡೀ ಆಡುವ ಪೆಟ್ಟಿಗೆಯೊಳಗೆ, ಪೆಟ್ಟಿಗೆಯೊಳಗಿಂದ, ಮಾಡಿನ ಮೇಲೆ, ಮಾಡಿನ ಮೇಲಿಂದ ಎಂಬ ರೂಪಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ, ಏಕೆಂದರೆ 'ಒಳಗೆ', 'ಮೇಲೆ' ಎಂಬವು ಬಿಡಿಪದಗಳು. ಫಿನ್ನಿಶ್‌ನಲ್ಲಿ ಈ ಕೆಲಸವನ್ನು ಪ್ರತ್ಯಯಗಳೇ ಮಾಡುತ್ತವೆ: 'ತಲೊ' ಎಂದರೆ ಮನೆ, 'ತಲೊಸ್ಸ' ಮನೆಯೊಳಗೆ, 'ತಲೊಸ್ತ' ಮನೆಯೊಳಗಿಂದ, 'ಕತೊಲ್ಲ' ಮಾಡಿನ ಮೇಲೆ, 'ಕತೊಲ್ತ' ಮಾಡಿನ ಮೇಲಿಂದ. ಹದಿನೈದರಲ್ಲಿ ಆರು ಹೀಗೆ ಸ್ಥಳಕ್ಕೇ ಮೀಸಲು, ಮೂರು ಒಳಗಿಗೆ, ಮೂರು ಹೊರಗಿಗೆ, ಅಂದರೆ ಮೇಲೆ, ಮೇಲಿಂದ ಎಂಬಂಥವಕ್ಕೆ. ರಷ್ಯಾದ ದಾಗೆಸ್ತಾನದ ತಬಸರಾನ್ ಭಾಷೆಗೆ 48 ವಿಭಕ್ತಿಗಳೆಂಬ ಖ್ಯಾತಿಯಿತ್ತು. ನೆಲೆಯನ್ನು ಹೇಳುವ ಪ್ರತ್ಯಯದ ಬೆನ್ನಿಗೆ ದಿಕ್ಕನ್ನು ಹೇಳುವ ಪ್ರತ್ಯಯ ಸೇರುವುದನ್ನು ಗಮನಿಸದೆ, ಗುಣಾಕಾರದ ಫಲವನ್ನೇ ಎಣಿಕೆಯೆಂದು ತಿಳಿದದ್ದರಿಂದ ಅಂಥ ಸಂಖ್ಯೆಗಳು ಹುಟ್ಟುತ್ತವೆಂದು ಭಾಷಾವಿಜ್ಞಾನಿಗಳಾದ ಬರ್ನಾರ್ಡ್ ಕಾಮ್ರಿ ಮತ್ತು ಮರಿಯಾ ಪೊಲಿನ್ಸ್ಕಿ 1998ರಲ್ಲೇ ತೋರಿಸಿದರು.

ಇಷ್ಟನ್ನೂ ಒಮ್ಮೆ ಮೈಸೂರಿನ ಬೀಗರ ಊಟದಲ್ಲಿ, ಎಲೆಯ ಮುಂದೆ ಕುಳಿತು ವಿವರಿಸಿದ್ದೆ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು 'ಕತೊಲ್ಲ' ಎಂಬಲ್ಲಿ ನನ್ನ ಕೈ ಹಿಡಿದು, "ಅದು ನಮ್ಮ 'ಅಲ್ಲಿ'ಯೇ ಕಣಪ್ಪ, ಇಲ್ಲಿಂದಲೇ ಅಲ್ಲಿಗೆ ಹೋಗಿದೆ" ಎಂದರು. ಆ 'ಲ್ಲ' ಹಿಂದೆ 'ಲ್ನ' ಆಗಿತ್ತು, 'ಸ್ಸ' ಎಂಬುದು 'ಸ್ನ' ಆಗಿತ್ತು, ಅವುಗಳಲ್ಲಿ ಅಡಗಿರುವ ಹಳೆಯ 'ನ' ಪ್ರತ್ಯಯ ಇಂದಿಗೂ ಮನೆಯಲ್ಲಿ ಎಂಬರ್ಥದ 'ಕೊತೊನ' ಎಂಬ ಮಾತಿನಲ್ಲಿ ಉಳಿದಿದೆ ಎಂದು ನಾನು ಹೇಳುವಷ್ಟರಲ್ಲಿ ಹೋಳಿಗೆ ಬಂತು, ಇಡೀ ಪಂಕ್ತಿ ಮೇಷ್ಟ್ರ ಪರವಾಗಿ ತೀರ್ಪು ಕೊಟ್ಟೂ ಆಗಿತ್ತು. ಅವರಿಗೆ ಎರಡು ಹೋಳಿಗೆ ಹೆಚ್ಚಾಗಿ ಬಡಿಸಲಾಯಿತೆಂಬುದನ್ನು ಇಲ್ಲಿ ದಾಖಲಿಸಿಡುತ್ತೇನೆ.

ಮರೆತ ಕೊಡೆಯ ಬಗ್ಗೆ ಮಾತ್ರ ಯಾರೂ ಕೇಳಿದ್ದಿಲ್ಲ. ನಾವು ಕೊಡೆಯನ್ನು ಬಸ್ಸಿನಲ್ಲಿ ಮರೆಯುತ್ತೇವೆ; ಫಿನ್ನಿಶ್ ಆಡುವವರು ಅದನ್ನು ಬಸ್ಸಿನೊಳಕ್ಕೆ ಮರೆಯುತ್ತಾರೆ. ಅವರು ಮನೆಯಲ್ಲಿ ಉಳಿಯುವುದಿಲ್ಲ, ಮನೆಯೊಳಕ್ಕೆ ಉಳಿಯುತ್ತಾರೆ. ಬೀಗದ ಕೈಯನ್ನು ಚೀಲದಿಂದ ಹುಡುಕುತ್ತಾರೆ, ಬೀದಿಯಲ್ಲಿ ಬಿದ್ದಿದ್ದರೆ ಬೀದಿಯಿಂದ ಕಂಡುಕೊಳ್ಳುತ್ತಾರೆ. ಕೊಡೆಯಾಗಲಿ ಬೀಗದ ಕೈಯಾಗಲಿ ಒಂದಿಂಚೂ ಅಲುಗಿರುವುದಿಲ್ಲ. ಆದರೆ ಮರೆತ ವಸ್ತು ಕೊನೆಗೆ ಅಲ್ಲಿ ಸೇರಿತು, ಸಿಕ್ಕ ವಸ್ತು ಅಲ್ಲಿಂದ ನನ್ನ ಕೈ ಸೇರಿತು ಎಂಬುದಷ್ಟೇ ಆ ವ್ಯಾಕರಣಕ್ಕೆ ಚಲನೆಯೆನ್ನಿಸಿಕೊಳ್ಳಲು ಸಾಕು. ನನಗೆ ಕಷ್ಟವಾದದ್ದು ಇದು, ಪ್ರತ್ಯಯಗಳ ಸಂಖ್ಯೆಯಲ್ಲ. ಊರುಗಳ ಹೆಸರೂ ಹಾಗೆಯೇ: ಹೆಲ್ಸಿಂಕಿಯಲ್ಲಿ ಎನ್ನಲು ಒಳಗಿನ ವಿಭಕ್ತಿ, ತಾಂಪೆರೆಯಲ್ಲಿ ಎನ್ನಲು ಹೊರಗಿನದು. ಹಂಗೇರಿಯನ್ ಭಾಷೆಯಲ್ಲಿಯೂ ಜನ ಲಂಡನ್ನಿನ ಒಳಗೆ ಇರುತ್ತಾರೆ, ಬುಡಾಪೆಸ್ಟಿನ ಮೇಲೆ ಇರುತ್ತಾರೆ.

ಇದನ್ನು ವಿಚಿತ್ರವೆಂದು ನಗುವ ಮೊದಲು ಅಡುಗೆಮನೆಯ ಕನ್ನಡವನ್ನೇ ಕೇಳಿಸಿಕೊಳ್ಳಬಹುದು. ಉಪ್ಪನ್ನು ಡಬ್ಬಿಗೆ ಹಾಕುತ್ತೇವೆ, ಆದರೆ ಡಬ್ಬಿಯನ್ನು ಕಪಾಟಿನಲ್ಲಿ ಇಡುತ್ತೇವೆ. ಕಪಾಟಿಗೆ ಇಟ್ಟೆ ಎಂದರೆ ಮಕ್ಕಳೂ ತಿದ್ದುತ್ತಾರೆ. ಎರಡರಲ್ಲೂ ವಸ್ತು ಹೊರಗಿನಿಂದ ಒಳಗೆ ಹೋಗಿದೆ, ಎರಡಕ್ಕೂ ಫಿನ್ನಿಶ್ ಒಂದೇ 'ಒಳಕ್ಕೆ' ವಿಭಕ್ತಿಯನ್ನು ಬಳಸುತ್ತದೆ. ನಮ್ಮಲ್ಲಿ ಮಾತ್ರ 'ಹಾಕು' ವಸ್ತು ಹೋಗುವ ದಾರಿಯನ್ನು ನೋಡುತ್ತದೆ, 'ಇಡು' ಅದು ಹೋಗಿ ನೆಲೆಸಿದ ಜಾಗವನ್ನು ನೋಡುತ್ತದೆ.